ಮೀನು ತಿನ್ನದವರ ಗಾಳ

ಮೀನು ತಿನ್ನದವನಿಗೆ ಗಾಳದ ಗುಣ ಗೊತ್ತಿರುವುದಿಲ್ಲ ಎಂದು ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಂಬಿದ್ದರು. ಬಾಗಲಕೋಟೆ ಪೇಟೆಯಲ್ಲಿ ಹಗ್ಗ, ಬಲೆ, ಗಾಳ ಮಾರುವ ಸಾವಕಾರರು ಹಣೆತುಂಬ ವಿಭೂತಿ ಹಚ್ಚುವವರು. ಅದಕ್ಕೇ ನಾನು ಅವರನ್ನು ಬಿಟ್ಟು, ಗರಿ ಸುತ್ತಿ ಹುಳುವಿನಂತೆ ಕಟ್ಟಿದ ಗಾಳಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಐದಕ್ಕೆ ಐದು ನಕ್ಷತ್ರ ಪಡೆದ ಸರಕು. ಹಿನ್ನೀರಿನಲ್ಲಿ ಎರಡು ವರ್ಷದಿಂದ ನಾನು ಕಾಯುತ್ತಿದ್ದ ದೊಡ್ಡ ಮೀನು ಕಚ್ಚಿತು, ಗಾಳ ನೆಟ್ಟಗಾಯಿತು, ಮೀನು ಹೋಯಿತು.

ದೂರು ಕೊಟ್ಟರೆ, ನಿಮ್ಮ ಖರೀದಿಯ ಅನುಭವ ಹೇಗಿತ್ತು ಎಂದು ಯಂತ್ರವೊಂದು ಕೇಳಿತು. ಮೈಯೆಲ್ಲ ಉರಿಯಿತು. ಉಳಿದ ಗಾಳಗಳನ್ನು ತಂದು ಸಾವಕಾರರ ಮುಂದೆ ಸುರಿದೆ. ಅವರು ಒಂದನ್ನು ತಕ್ಕಡಿಯ ಸರಪಳಿಗೆ ಸಿಕ್ಕಿಸಿ ಎರಡೇ ಬೆರಳಿನಲ್ಲಿ ಎಳೆದರು. ಅದೂ ನೆಟ್ಟಗಾಯಿತು.

"ಇದು ಸೀರಿಗೆ ಚುಚ್ಚೋ ಪಿನ್ನು ಐತ್ರಿ ಸರ. ಮೊದ್ಲ ನನ್ನ ಕಡೆ ಯಾಕ ಬರ್ಲಿಲ್ಲ?"

"ನೀವು ಮೀನು ತಿನ್ನಂಗಿಲ್ಲಲ್ರಿ ಸಾವ್ಕಾರ್ರ."

"ಗುಳೇದಗುಡ್ಡದಾಗ ಖಣ ಮಾರಾಂವಗೂ, ಮೊದ್ಲ ನೀ ಕುಪ್ಪಸ ತೊಟ್ಟು ತೋರ್ಸು ಅಂತೀರೇನ್ರಿ?"

ಹಿಡಿದ ಮೀನನ್ನೆಲ್ಲ ಮತ್ತೆ ನೀರಿಗೇ ಬಿಡುವ ನಾನೂ ಹುಟ್ಟಿದಾಗಿನಿಂದ ಮೀನು ತಿಂದವನಲ್ಲ.