ಎಂಟು ಅಂದರೆ ಮಾಹಿತಿ ಇಲ್ಲ

ಆ ಎರಡು ವರ್ಷ ನಾನು ಬದುಕಿದ್ದು ಅಂಕಿಗಳಲ್ಲಿ. ಹೌದು ಎಂದರೆ ಒಂದು, ಇಲ್ಲ ಎಂದರೆ ಎರಡು, ಗೊತ್ತಿಲ್ಲ ಎಂದರೆ ಮೂರು. ಮನೆಗೆ ಬೀಗ ಹಾಕಿದ್ದರೆ, ಮನೆಯವರು ಬಾಯಿ ಬಿಡದಿದ್ದರೆ, ಅಥವಾ ನಮಗೇ ಕೇಳಿ ಕೇಳಿ ಸಾಕಾಗಿದ್ದರೆ ಎಂಟು. ಎಂಟು ಅಂದರೆ ಮಾಹಿತಿ ಇಲ್ಲ. ಸಂಜೆ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿ ಬಿಗಿಯಾಗುತ್ತಿದ್ದಾಗ ಆ ಎಂಟರಷ್ಟು ಹಿತವಾದ ಅಂಕಿ ಇನ್ನೊಂದಿರಲಿಲ್ಲ. ಬರೆದು ಎದ್ದುಬಿಡಬಹುದಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಮೈಸೂರಿನ ಒಂದು ಸಂಸ್ಥೆಯವರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಅಂಗವಿಕಲ ಮಕ್ಕಳ ಸಮೀಕ್ಷೆ ಮಾಡಿಸುತ್ತಿದ್ದರು. ಬಿ.ಎ. ಮುಗಿಸಿ ಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ನಾಲ್ಕು ಹೆಣ್ಣುಮಕ್ಕಳನ್ನು ತಾಲ್ಲೂಕಿಗೊಬ್ಬಳಂತೆ ಕಳಿಸಿದರು. ನನ್ನ ಪಾಲಿಗೆ ಪಾಂಡವಪುರ ಬಂತು. ಮನೆ ಪಕ್ಕದ ಶ್ರೀರಂಗಪಟ್ಟಣದಲ್ಲೇ ಇದ್ದದ್ದರಿಂದ ನನಗೆ ಸುಲಭವೆಂದು ಉಳಿದವರಿಗೆ ಹೊಟ್ಟೆಯುರಿ. ನಾಗಮಂಗಲದವಳು ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಗೆ ಕಾದು ಕಾದು ಅಲ್ಲಿನ ಹೋಟೆಲಿನ ಪ್ರತಿ ತಿಂಡಿಗೂ ಒಂದೊಂದು ಬೈಗುಳ ಕಲಿತಿದ್ದಳು. ಸುಲಭವೇನೂ ಇರಲಿಲ್ಲ ಎಂದು ಹೇಳಿದರೆ ಯಾರು ನಂಬುತ್ತಾರೆ? ಕಬ್ಬಿನ ಗಾಡಿಗಳ ಹಿಂದೆ ನಮ್ಮ ಬಸ್ಸು ಆಮೆಯಂತೆ ತೆವಳುತ್ತಿತ್ತು. ಇಳಿದ ಮೇಲೆ ಮೈಲಿಗಟ್ಟಲೆ ನಡಿಗೆ. ಮನೆಯೊಳಗೆ ಕೂತ ಮೇಲೆ ಅದೇ ಹದಿನೇಳು ಪ್ರಶ್ನೆ.

ನಮ್ಮ ಮೇಲ್ವಿಚಾರಕರು ಗಣಿತದ ಮೇಷ್ಟ್ರು, ನಿವೃತ್ತರು. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ ನಮ್ಮ ಆಫೀಸು. ಅವರಿಗೆ ಮಕ್ಕಳಿಗಿಂತ ಫಾರಂ ಮೇಲೆ ಪ್ರೀತಿ ಹೆಚ್ಚೆಂದು ನಾವು ಆಡಿಕೊಳ್ಳುತ್ತಿದ್ದೆವು. ಪ್ರತಿ ಫಾರಮ್ಮಿನ ನಂಬರಿನ ಕೊನೆಗೆ ಒಂದು ಕಾವಲು ಅಂಕಿ ಹಾಕಿಸುತ್ತಿದ್ದರು. ಮುಂದಿನ ಅಂಕಿಗಳನ್ನೆಲ್ಲ ಕೂಡಿ, ಬಂದ ಮೊತ್ತದ ಕೊನೆಯ ಅಂಕಿಯನ್ನು ಅಲ್ಲಿ ಬರೆಯಬೇಕು. ನಕಲು ಮಾಡುವಾಗ ಯಾರಾದರೂ ಒಂದು ಅಂಕಿ ತಪ್ಪಿದರೆ ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುತ್ತಿತ್ತು. ಒಬ್ಬಳು ಬರೆದು ತಂದ ಫಾರಂಗಳನ್ನು ಅವಳೇ ಅಂಕಿಗೆ ಇಳಿಸುವಂತಿಲ್ಲ, ಬೇರೆ ತಾಲ್ಲೂಕಿನವಳು ಇಳಿಸಬೇಕು. ಇಳಿಸಿದ ಹಾಳೆಯ ಒಂದು ಪ್ರತಿ ಇಲ್ಲಿ, ಒಂದು ಮೈಸೂರಿನಲ್ಲಿ. ದೊಡ್ಡ ದೊಡ್ಡ ಕಂಪ್ಯೂಟರುಗಳೂ ಹೀಗೇ ಮಾಡುತ್ತವಂತೆ, ಒಂದೇ ವಿಷಯವನ್ನು ಹಲವು ಕಡೆ ಹಂಚಿಡುತ್ತವಂತೆ, ಒಂದು ಕಡೆ ಸುಟ್ಟುಹೋದರೂ ಉಳಿದ ಕಡೆಯಿಂದ ಪೂರ್ತಿ ವಾಪಸು ಸಿಗುತ್ತದಂತೆ. ಅವರು ಇದನ್ನು ಹೇಳುವಾಗ ಕಣ್ಣು ಅರಳುತ್ತಿತ್ತು. ನನಗೆ ಊಟದ ಡಬ್ಬಿಯ ಮೇಲೆಯೇ ಗಮನ.

ಕ್ಯಾತನಹಳ್ಳಿ ದಾಟಿದ ಮೇಲೆ ಒಂದು ಸಣ್ಣ ಊರು. ಬಿಸಿಲು ಇಳಿಯುವ ಹೊತ್ತಿಗೆ ನಾನು ಆ ದಿನದ ಕೊನೆಯ ಮನೆಗೆ ಹೋದೆ. ಜಗಲಿಯ ಮೇಲೆ ಮನೆಯ ಯಜಮಾನಿ ಕೂತಿದ್ದರು, ಅರವತ್ತರ ಆಸುಪಾಸು. ಮಜ್ಜಿಗೆ ಕೊಟ್ಟರು, ಕಾಲು ಚಾಚಿ ಕೂರಲು ಹೇಳಿದರು. ನಾನು ಓದಿದೆ: ಈ ಮನೆಯಲ್ಲಿ ಮಾತು ಬಾರದ, ಕಿವಿ ಕೇಳದ, ಬುದ್ಧಿ ಬೆಳೆಯದ ಮಕ್ಕಳು ಯಾರಾದರೂ ಇದ್ದಾರೆಯೇ? ಇಲ್ಲವೆಂದರು. ಒಳಗೆ ಯಾವುದೋ ಮಗು ಮಗ್ಗಿ ಒಪ್ಪಿಸುವಂತೆ ಅಂಕಿಗಳನ್ನು ಹೇಳುತ್ತಿತ್ತು. ನೂರಾ ಹನ್ನೆರಡು, ಮೂರೂವರೆ. ನೂರಾ ಹದಿಮೂರು, ಎರಡು. ಓದುವ ಮಗು, ಪುಣ್ಯವಂತರ ಮನೆ ಅಂದುಕೊಂಡೆ.

ಆದರೆ ರೇಷನ್ ಕಾರ್ಡಿನಲ್ಲಿ ಆರು ವರ್ಷದ ಒಂದು ಹೆಣ್ಣು ಮಗುವಿನ ಹೆಸರಿತ್ತು. ಇದು ಎಲ್ಲಿ ಎಂದು ಕೇಳಿದೆ. ಸೊಸೆಯ ತವರಿನಲ್ಲಿದೆ, ಕೆ.ಆರ್. ಪೇಟೆ ತಾಲ್ಲೂಕು, ಅಲ್ಲೇ ಬೆಳೆಯುತ್ತಿದೆ ಎಂದರು. ಮಗು ಎದುರಿಗಿಲ್ಲದಿದ್ದರೆ ಉತ್ತರ ಬರೆಯುವಂತಿಲ್ಲ, ನಿಯಮ. ಹದಿನೇಳು ಖಾನೆಗೂ ಎಂಟು ಬರೆದೆ. ಅಂಚಿನಲ್ಲಿ ‘ಮಗು ತಾಯಿಯ ತವರಲ್ಲಿ’ ಎಂದು ಗೀಚಿದೆ. ಕಾವಲು ಅಂಕಿ ಕೂಡಿಸಿ ಹಾಕಿದೆ, ಸರಿಯಾಗಿಯೇ ಇತ್ತು.

ಬಸ್ಸಿನ ಕಟ್ಟೆಯ ಹತ್ತಿರ ಆ ಮನೆಯ ಸೊಸೆ ಬಂದಳು. ತಲೆಯ ಮೇಲೆ ಹುಲ್ಲಿನ ಹೊರೆ, ಇಳಿಸಲೇ ಇಲ್ಲ. ಹೆಸರು ಬರೆಸಿದವರ ಮಕ್ಕಳಿಗೆ ಡಾಕ್ಟರು ನೋಡುವ ಕ್ಯಾಂಪಿಗೆ ಕಾಗದ ಬರುತ್ತದಂತೆ, ನಿಜವೇ ಎಂದು ಕೇಳಿದಳು. ನಿಜ ಎಂದೆ. ತನ್ನ ತವರಿಗೂ ಹೀಗೆ ಬರೆದುಕೊಳ್ಳುವವರು ಬರುತ್ತಾರಾ ಎಂದಳು. ಬೇರೊಬ್ಬಳು ಬರುತ್ತಾಳೆ ಎಂದೆ. ಮೂಲೆಯಲ್ಲಿ ಬಸ್ಸು ಕಾಣಿಸಿತು.

“ಅಂಗಾರೆ ಅಲ್ಲೇ ಬರಸ್ತೀನಿ ಬುಡಿ ಅಕ್ಕ. ಕಾಗ್ದ ನಮ್ಮಪ್ಪನ ಮನೆಗೇ ಬರ್ಲಿ,” ಎಂದಳು.

ಬರುತ್ತೆ ಕಣಮ್ಮ ಎಂದು ಹೇಳಿ ಬಸ್ಸು ಹತ್ತಿದೆ. ಕೂರಲು ಜಾಗ ಸಿಕ್ಕಿತೆಂಬ ಸಂತೋಷದಲ್ಲಿ ಅವಳ ಮುಖ ಸರಿಯಾಗಿ ನೋಡಲೂ ಇಲ್ಲ. ಆ ಸಂತೋಷ ನೆನೆಸಿಕೊಂಡರೆ ಇವತ್ತಿಗೂ ನನಗೆ ನಾಚಿಕೆ.

ಸಮೀಕ್ಷೆ ಮುಗಿಯಿತು. ಫಾರಂ ನೋಡಿ ಕಾಗದಗಳು ಹೋದವು, ಕ್ಯಾಂಪೂ ನಡೆಯಿತು. ಆಮೇಲೆ ಕೋಣೆಯಲ್ಲಿ ಕೂತು ಫಾರಂಗಳನ್ನು ಅಂಕಿಗೆ ಇಳಿಸುವ ಕೆಲಸ. ಕೆಳಗೆ ಇಡೀ ದಿನ ಪಂಕ್ಚರಿನ ಟ್ಯೂಬು ನೀರಿಗೆ ಅದ್ದುವ ಸದ್ದು, ಮೇಲೆ ನಾವು. ಕಣ್ಣು ಉರಿದರೆ ಒದ್ದೆ ಬಟ್ಟೆ. ಅಷ್ಟು ಹೊತ್ತಿಗೆ ನನಗೆ ಮಕ್ಕಳು ಮಕ್ಕಳಾಗಿ ಕಾಣುತ್ತಿರಲಿಲ್ಲ, ಒಂದು ಎರಡು ಎಂಟಾಗಿ ಕಾಣುತ್ತಿದ್ದವು. ಸುಳ್ಳೇಕೆ ಹೇಳಲಿ, ಎಂಟು ಇರುವ ಹಾಳೆ ಬಂದರೆ ಬೇಗ ಮುಗಿಯುತ್ತದೆಂದು ಖುಷಿಯೇ ಆಗುತ್ತಿತ್ತು.

ಸರದಿಯಂತೆ ನನಗೆ ಕೆ.ಆರ್. ಪೇಟೆಯ ಕಟ್ಟು ಬಂತು. ಅದರಲ್ಲೊಂದು ಫಾರಮ್ಮಿನ ಹಿಂಬದಿಯಲ್ಲಿ ಆ ತಾಲ್ಲೂಕಿನವಳು ಪೆನ್ಸಿಲಿನಲ್ಲಿ ಬರೆದಿದ್ದಳು: ‘ಮಗಳ ಮಗು, ಹೆಣ್ಣು, ಆರು ವರ್ಷ. ಮಾತು ವಿಚಿತ್ರ. ರೇಷನ್ ಕಾರ್ಡು ಪಾಂಡವಪುರ ತಾಲ್ಲೂಕಿನಲ್ಲಿ. ನಮ್ಮ ಮನೆ ಪಟ್ಟಿಗೆ ಸೇರಿಸಬೇಡಿ ಎಂದರು.’ ಓದಿ ಮುಂದಿನ ಹಾಳೆಗೆ ಕೈ ಹಾಕಿದ್ದೆ. ಮತ್ತೆ ಹಿಂದಕ್ಕೆ ತಿರುಗಿಸಿದೆ.

ಅವಳನ್ನು ಕೇಳಿದೆ. ನೆನಪಿತ್ತು ಅವಳಿಗೆ. ಮಗು ಅಂಗಳದಲ್ಲೇ ಕೂತು ಹಾಲಿನ ಡೈರಿಯಲ್ಲಿ ಕೂಗುವ ನಂಬರುಗಳನ್ನು ಇದ್ದ ಹಾಗೇ ಹೇಳುತ್ತಿತ್ತಂತೆ, ಯಾರದು ಎಷ್ಟು ಲೀಟರು ಎಂದು. ತಾಯಿ ಬರೆದುಕೊಳ್ಳಿ ಎಂದಳಂತೆ. ಅವಳ ಅಣ್ಣ ಬಿಡಲಿಲ್ಲವಂತೆ. ಕೊಟ್ಟ ಹೆಣ್ಣಿನ ಮಗುವನ್ನು ತವರಿನ ಪಟ್ಟಿಗೆ ಸೇರಿಸಿದರೆ ಅವಳ ಅತ್ತೆ ಮನೆಯವರು ಮಗುವನ್ನು ಇಲ್ಲೇ ಬಿಟ್ಟುಬಿಡುತ್ತಾರೆ, ಕಾರ್ಡು ಇರುವ ಕಡೆ ಬರೆಸಲಿ ಎಂದನಂತೆ. ಕಾರ್ಡು ಅಲ್ಲಿದ್ದ ಮೇಲೆ ಅಲ್ಲಿನವಳು ಬರೆದುಕೊಂಡೇ ಇರುತ್ತಾಳೆ ಎಂದು ಇವಳೂ ಎದ್ದುಬಂದಿದ್ದಳು. ಅಲ್ಲಿನವಳು ಅಂದರೆ ನಾನು.

ನೂರಾ ಹನ್ನೆರಡು, ಮೂರೂವರೆ. ಆ ಜಗಲಿಯ ಮೇಲೆ ಕೂತು ನಾನು ಮಜ್ಜಿಗೆ ಕುಡಿಯುವಾಗ ಮಗು ನನ್ನ ಬೆನ್ನ ಹಿಂದಿನ ಕೋಣೆಯಲ್ಲಿತ್ತು. ತಾಯಿ ಅದನ್ನು ತವರಿಗೆ ಕರೆದೊಯ್ದದ್ದು ಆಮೇಲೆ.

ಎರಡು ಕಡೆ ಇಟ್ಟರೆ ಕಳೆಯುವುದಿಲ್ಲ ಎಂದಿದ್ದರು ಮೇಷ್ಟ್ರು. ಈ ಮಗು ಎರಡು ಕಡೆ ಇದ್ದದ್ದರಿಂದಲೇ ಕಳೆದುಹೋಗಿತ್ತು. ಅವರ ಮುಂದೆ ಎರಡೂ ಫಾರಂ ಇಟ್ಟೆ. ಕನ್ನಡಕ ಏರಿಸಿ ನೋಡಿದರು, ಕಾವಲು ಅಂಕಿ ಎರಡರಲ್ಲೂ ಸರಿಯಿದೆಯಲ್ಲ ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಕಿ ಸರಿಯಿದೆ ಸಾರ್, ಮಗು ಇಲ್ಲ ಎಂದೆ. ಅವರು ನನ್ನ ಫಾರಮ್ಮಿನ ಅಂಚನ್ನು, ಅವಳ ಫಾರಮ್ಮಿನ ಹಿಂಬದಿಯನ್ನು ಮತ್ತೆ ಓದಿದರು. ಆಮೇಲೆ, ಅಂಚಿನಲ್ಲಿ ಬರೆದದ್ದಕ್ಕೆ ನಾನು ಖಾನೆಯೇ ಇಡಲಿಲ್ಲ ಅಲ್ವೇನಮ್ಮ ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುವ ಡಾಕ್ಟರಮ್ಮನಿಗೆ ತಾವೇ ಒಂದು ಚೀಟಿ ಬರೆದುಕೊಟ್ಟರು.

ಮಾರನೆಯ ದಿನ ಕ್ಯಾತನಹಳ್ಳಿಯಾಚೆಯ ಆ ಮನೆಗೆ ಹೋದೆ. ಚಪ್ಪರದ ಗಳ ಇನ್ನೂ ಅಂಗಳದಲ್ಲಿ ಒರಗಿತ್ತು. ಯಜಮಾನಿಯ ಕೊನೆಯ ಮಗಳ ಮದುವೆ ಮುಗಿದಿತ್ತು. ಮಗು ಬಾಗಿಲ ಹತ್ತಿರವೇ ಕೂತು ಹಾಲಿನ ಕ್ಯಾನಿನ ಮುಚ್ಚಳ ತಿರುಗಿಸುತ್ತಿತ್ತು, ಈಗ ಯಾರೂ ಒಳಗೆ ದಬ್ಬಿರಲಿಲ್ಲ. ಯಜಮಾನಿ ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು. ನಾನು ಬೈಯಬೇಕೆಂದೇ ಬಂದಿದ್ದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರೇ ಮೊದಲು ಬಾಯಿ ತೆಗೆದರು.

“ಮಗೀಗೆ ಇಂಗೆ ಅಂತ ಗೊತ್ತಾದ್ರೆ ಇವ್ರ ವಂಶ್ದಾಗೇ ಐತೆ ಅಂತಾರೆ ಕಣವ್ವ. ನನ್ ಮಗ್ಳುನ್ನ ಯಾರ್ ಮಾಡ್ಕತಿದ್ರು? ಈಗ ಕರ್ಕೊಂಡೋಗು, ಎಲ್ಲಿಗಾದ್ರೂ ಕರ್ಕೊಂಡೋಗಿ ತೋರ್ಸು.”

ನಾನು ಬೈಯುವುದು ಬಿಟ್ಟು ಮೇಷ್ಟ್ರ ಚೀಟಿ ತೆಗೆದೆ. ಸೊಸೆ ಆಗಲೇ ಒಳಗೆ ಸೀರೆ ಬದಲಿಸುತ್ತಿದ್ದಳು. ಫಾರಮ್ಮಿನ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದನ್ನೇ ನಂಬಿ, ತವರಿನಲ್ಲಿ ಪೋಸ್ಟಿನವನು ಬಂದಾಗಲೆಲ್ಲ ಎದ್ದು ಹೋಗಿ ಕೇಳುತ್ತಿದ್ದಳಂತೆ. ಕ್ಯಾಂಪು ಮುಗಿಯಿತೆಂದು ಗೊತ್ತಾದ ಮೇಲೆ, ನಮ್ಮ ಮಗುವಿಗಿಂತ ಕಷ್ಟದವು ಬೇಕಾದಷ್ಟು ಇರಬಹುದು, ಅದಕ್ಕೇ ಕರೆದಿಲ್ಲ ಎಂದು ಸಮಾಧಾನ ಮಾಡಿಕೊಂಡು ಮಗುವಿನೊಂದಿಗೆ ಗಂಡನ ಮನೆಗೆ ವಾಪಸು ಬಂದಳಂತೆ. ಇದನ್ನು ಅವಳು ಬಸ್ಸಿನಲ್ಲಿ, ಕಿಟಕಿಯ ಕಡೆ ನೋಡುತ್ತ, ನನ್ನ ಮೇಲೆ ಸ್ವಲ್ಪವೂ ಕೋಪವಿಲ್ಲದೆ ಹೇಳಿದಳು. ಒಂದೆರಡು ಮಾತು ಬೈದಿದ್ದರೆ ಚೆನ್ನಾಗಿತ್ತು. ಮಗು ನಡುವೆ ಕೂತು ಕಂಡಕ್ಟರು ಕೂಗಿದ ಊರುಗಳನ್ನೆಲ್ಲ ಅವನದೇ ರಾಗದಲ್ಲಿ ಕೂಗುತ್ತಿತ್ತು. ಮುಂದಿನ ಸೀಟಿನವರು ತಿರುಗಿ ನಕ್ಕರು. ಅವಳು ಮಗುವಿನ ಬಾಯಿ ಮುಚ್ಚಲು ಕೈ ಎತ್ತಿ, ನನ್ನನ್ನು ನೋಡಿ, ಕೈ ಇಳಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಎದುರು ನೆಲದ ಮೇಲೇ ಕೂತರು. ಮುಚ್ಚಳ ತಿರುಗಿಸುವುದನ್ನು ಬಹಳ ಹೊತ್ತು ನೋಡಿದರು. ಆಟಿಸಂ ಎಂಬ ಮಾತನ್ನು ನಾನು ಕೇಳಿದ್ದು ಅವತ್ತೇ ಮೊದಲು. ನಮ್ಮ ಫಾರಮ್ಮಿನಲ್ಲಿ ಅದಕ್ಕೆ ಅಂಕಿ ಇರಲಿಲ್ಲ. ಇದು ಹುಚ್ಚಲ್ಲ, ಮೂಗತನವೂ ಅಲ್ಲ, ಯಾರ ವಂಶದ ಪಾಪವೂ ಅಲ್ಲ, ವಾರಕ್ಕೊಮ್ಮೆ ಕರೆತಂದರೆ ಹೇಗೆ ಕಲಿಸಬೇಕೆಂದು ತಾಯಿಗೆ ಹೇಳಿಕೊಡುತ್ತೇವೆ ಎಂದರು. ಆಮೇಲೆ ಮೇಜಿನ ಹತ್ತಿರ ಹೋಗಿ ಹೊಸ ಹಾಳೆ ತೆಗೆದರು. ಇಲ್ಲೂ ಫಾರಂ. ಪೆನ್ನು ಎತ್ತಿ, ಮನೆಯಲ್ಲಿ ಎಷ್ಟು ಜನ ಮಕ್ಕಳಿದ್ದಾರಮ್ಮ ಎಂದು ತಾಯಿಯನ್ನು ಕೇಳಿದರು.

ತಾಯಿ ಹೇಳುವ ಮೊದಲೇ ಮಗು ಮುಚ್ಚಳ ಬಿಟ್ಟು ತಲೆ ಎತ್ತಿತು.

“ಈ ಮನೆಯಲ್ಲಿ ಮಾತು ಬಾರದ, ಕಿವಿ ಕೇಳದ, ಬುದ್ಧಿ ಬೆಳೆಯದ ಮಕ್ಕಳು ಯಾರಾದರೂ ಇದ್ದಾರೆಯೇ?”

ಅದು ನನ್ನ ದನಿ. ದಣಿದ, ಬೇಸತ್ತ, ಬಸ್ಸಿನ ಕಡೆಗೇ ಮನಸ್ಸಿಟ್ಟ ನನ್ನದೇ ದನಿ, ಕೊನೆಯ ಆಕಳಿಕೆಯ ಸಮೇತ. ಆಮೇಲೆ ಮಗು ಅಜ್ಜಿಯ ದನಿಯಲ್ಲಿ ಉತ್ತರ ಹೇಳಿತು.

“ನಮ್ಮನೇಲಿ ಅಂತೋರು ಯಾರೂ ಇಲ್ಲ ಕಣವ್ವ. ಬರ್ಕೊ.”

ಡಾಕ್ಟರಮ್ಮ ಪೆನ್ನು ಹಿಡಿದೇ ನಮ್ಮಿಬ್ಬರನ್ನೂ ನೋಡಿದರು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಯಾರಾದರೂ ಹೇಳಲೇಬೇಕಿತ್ತು.

“ಇದ್ದಾಳೆ ಮೇಡಂ,” ಎಂದೆ. “ಅವತ್ತು ಅಲ್ಲೇ ಇದ್ದಳು. ಬರ್ಕೊಳ್ಳಿ.”