ಸಾಬವ್ವ ಕೆಡಿಸಿದ ಇನ್ನೂರು ಗೇಮ್ ಸೆಟ್ಟುಗಳು

ಬೆಳಗಿನ ಐದೂವರೆ. ಪುಣೆಯ ಬಿಬವೇವಾಡಿಯ ಓಣಿಯಲ್ಲಿ ಹಾಲಿನ ಟೆಂಪೊ ಬಿಟ್ಟರೆ ಬೇರೆ ಸದ್ದಿಲ್ಲ. ದತ್ತು ಅವರ ಎಲೆಕ್ಟ್ರಾನಿಕ್ಸ್ ಅಂಗಡಿಯ ಶಟರ್ ಅರ್ಧ ಎದ್ದಿದೆ. ಒಳಗೆ, ಹೂಬಳ್ಳಿ ಚಿತ್ರದ ಪರದೆಯ ಹಿಂದೆ, ನಲವತ್ತೆರಡರ ಸಾಬವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಾರೆ. ಮುಂದೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುವ ಟಿವಿ ಗೇಮ್ ಸೆಟ್. ಬೆಸುಗೆ ಕಡ್ಡಿ ಕಾದಿದೆಯೇ ಎಂದು ಒದ್ದೆ ಬಟ್ಟೆಗೆ ತಾಗಿಸುತ್ತಾರೆ, ಚುಂಯ್ ಎನ್ನುತ್ತದೆ. "ಎಂಟಕ್ಕ ಲೈಟ್ ತಗೀತಾರ್ರಿ. ಅಷ್ಟರಾಗ ಎರಡು ಸೆಟ್ ಮುಗಿಸಬೇಕು, ಇಲ್ಲಂದ್ರ ಇಡೀ ದಿನ ಗಡಿಬಿಡಿ," ಎನ್ನುತ್ತಾರೆ, ತಲೆ ಎತ್ತದೆ.

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಈ ಸೆಟ್ಟಿನ ಪರಿಚಯ ಹೇಳಬೇಕೇ? ೧೯೮೩ರಲ್ಲಿ ಜಪಾನಿನಲ್ಲಿ ಹುಟ್ಟಿದ ಫ್ಯಾಮಿಕಾಮ್ ಎಂಬ ಯಂತ್ರ ಜಗತ್ತಿನ ಮಕ್ಕಳನ್ನೆಲ್ಲ ಮನೆಯ ಟಿವಿ ಮುಂದೆ ಕೂರಿಸಿತು. ಪುಣೆಯ ಓಣಿಗಳಿಗೆ ಬಂದದ್ದು ಅದರ ನಕಲುಗಳು. ಆದರೇನಂತೆ, ಸಂಭ್ರಮವಂತೂ ಅಸಲಿಯೇ! ಹಳದಿ ಕ್ಯಾಸೆಟ್ ಸಿಕ್ಕಿಸುವುದು, ಚಾನೆಲ್ ಹುಡುಕುವುದು, ಚಿತ್ರ ಬಾರದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದುವುದು. ಆ ಊದಾಟ ಕಂಡರೆ ಸಾಬವ್ವನಿಗೆ ಮೈಯೆಲ್ಲ ಉರಿ. "ಉಗುಳು ಒಳಗ ಹೋಗ್ತದ್ರಿ. ತಾಮ್ರ ಹಸರಾಗ್ತದ. ಎಷ್ಟು ಹೇಳಿದ್ರೂ ಕೇಳಂಗಿಲ್ಲ ಮಂದಿ."

ಅಫಜಲಪುರದ ಕಡೆಯವರು ಸಾಬವ್ವ. ೧೯೯೦ರಲ್ಲಿ ಗಂಡ ಶಿವಪ್ಪನ ಜೊತೆ ಪುಣೆಗೆ ಬಂದು ಮೂರು ವರ್ಷ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತರು. ಪುಣೆಯಂಚಿನ ಭೋಸರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಈ ಸೆಟ್ಟುಗಳನ್ನು ಜೋಡಿಸಲು ಹೆಂಗಸರು ಬೇಕು ಎಂದು ಯಾರೋ ಹೇಳಿದ್ದೇ ತಡ, ಹೋಗಿ ನಿಂತರು. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಕೌದಿ ಹೊಲಿದು ಪಳಗಿದ ಬೆರಳು. ವರ್ಷ ಕಳೆಯುವಷ್ಟರಲ್ಲಿ ದಿನಕ್ಕೆ ನೂರಿಪ್ಪತ್ತು ಸರ್ಕಿಟ್ ಬೋರ್ಡು ಬೆಸೆಯುತ್ತಿದ್ದರು. ಡಿಸ್ಕ್ ಹಾಕುವ ಹೊಸ ಯಂತ್ರಗಳು ಬಂದು ೨೦೦೧ರಲ್ಲಿ ಕಾರ್ಖಾನೆ ಮುಚ್ಚಿದಾಗ, ಅಲ್ಲಿಂದ ಸೆಟ್ಟು ಒಯ್ದು ಮಾರುತ್ತಿದ್ದ ದತ್ತು ಇವರನ್ನು ರಿಪೇರಿಗೆ ಕರೆದರು. ಈಗ ೨೦೦೫, ನಾಲ್ಕು ವರ್ಷವಾಯಿತು. ಈಗಲೂ ದಿನಕ್ಕೆ ಆರೇಳು ಸೆಟ್ಟು ಬರುತ್ತವೆ.

ಇನ್ನು ಆ ಪರದೆಯ ವಿಷಯ. ಮೊದಲ ತಿಂಗಳು ಸಾಬವ್ವ ಅಂಗಡಿಯ ಮುಂಭಾಗದಲ್ಲೇ ಕೂರುತ್ತಿದ್ದರು. ಹೆಂಗಸೊಬ್ಬಳು ಸ್ಕ್ರೂ ಬಿಚ್ಚುವುದನ್ನು ಕಂಡು ಇಬ್ಬರು ಗಿರಾಕಿಗಳು ಸೆಟ್ಟು ಕಿತ್ತುಕೊಂಡು ಹೊರಟೇಬಿಟ್ಟರು. ಮರುದಿನವೇ ಪರದೆ ಬಿತ್ತು. ಅಂದಿನಿಂದ ಓಣಿಯಲ್ಲೆಲ್ಲ ದತ್ತು ಅವರ ಕೈಗುಣದ್ದೇ ಹೊಗಳಿಕೆ. ಸ್ವತಃ ದತ್ತು ಅವರಿಗೆ ಪ್ಲಗ್ಗಿನ ವೈರು ಕೂಡ ನೆಟ್ಟಗೆ ಸಿಕ್ಕಿಸಲು ಬರುವುದಿಲ್ಲ ಅನ್ನಿ! ಮೇಜನ್ನು ಮುಂದೆ ಹಾಕಿಕೊಡಿ ಎಂದು ಸಾಬವ್ವ ಪ್ರತಿ ದೀಪಾವಳಿಗೆ ಕೇಳಿದ್ದಾರೆ. "ಗಿರಾಕಿ ಓಡ್ತಾವ ಅಕ್ಕಾ," ಎಂಬ ಒಂದೇ ಉತ್ತರ.

ಅದು ಇತ್ಯರ್ಥವಾದದ್ದು ನಿನ್ನೆ, ಶನಿವಾರ. ದತ್ತು ಬಿಡಿಭಾಗ ತರಲು ಪೇಟೆಗೆ ಹೋಗಿದ್ದಾರೆ. ಪಕ್ಕದ ರಸ್ತೆಯ ಹೋಟೆಲಿನ ಮಹಾಲಿಂಗ ಶೆಟ್ಟರು ಹಳೆಯ ಸೆಟ್ಟೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಾರೆ. "ದತ್ತು ಇಲ್ವಾ ಮಾರಾಯ್ರೆ? ಮಗಳು ಶ್ರದ್ಧಾ ಬಾಣಂತನಕ್ಕೆ ಬಂದಿದ್ದಾಳೆ. ಮಗು ಮಲಗಿದ ಕೂಡಲೆ ಅವಳಿಗೆ ಇದೇ ಆಗ್ಬೇಕಂತೆ. ಎಂತ ಮಾಡುದು!"

ಸಾಬವ್ವ ಬೆಸುಗೆ ಕಡ್ಡಿ ಕೆಳಗಿಡುತ್ತಾರೆ. ಆಮೇಲೆ ಪರದೆ ಸರಿಸಿ ಹೊರಗೆ ಬರುತ್ತಾರೆ. "ರಿಪೇರಿ ಮಾಡಾಕಿ ನಾನರೀ. ಕೊಡ್ರಿ ಇಲ್ಲೆ."

ಶೆಟ್ಟರು ಸೆಟ್ಟನ್ನು ಎದೆಗವಚಿಕೊಳ್ಳುತ್ತಾರೆ. "ನೀವಾ? ಇದು ಅವಳು ಶಾಲೆಗೆ ಹೋಗುವಾಗಿಂದ ಜೋಪಾನ ಮಾಡಿದ್ದು. ಸತ್ಯ ಹೇಳಿ, ಇಷ್ಟು ವರ್ಷದಲ್ಲಿ ಎಷ್ಟು ಕೆಡಿಸಿದ್ದೀರಿ?"

ಬೇರೆ ಯಾರೇ ಆಗಲಿ, ಒಂದೂ ಇಲ್ಲ ಎಂದುಬಿಡುತ್ತಿದ್ದರು. ಸಾಬವ್ವ ಎನ್ನುತ್ತಾರೆ: "ಇನ್ನೂರು ರೀ. ಒಂದ ದಿನದಾಗ."

೧೯೯೬ರ ಖಂಡೇನವಮಿಯ ಮಾತು. ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪೂಜೆ. ಕವಚ ಮುಚ್ಚದ ಇನ್ನೂರು ಬೋರ್ಡುಗಳು ಸಾಲಾಗಿ ಕೂತಿವೆ. ಊರಲ್ಲಿ ಕುಡಗೋಲಿನಿಂದ ಒನಕೆಯವರೆಗೆ ಎಲ್ಲಕ್ಕೂ ಕುಂಕುಮವಿಡುವ ಮನೆಯ ಹೆಣ್ಣುಮಗಳು, ಇವುಗಳನ್ನು ಬಿಟ್ಟಾರೇ? ಕುಂಕುಮ, ಭಂಡಾರವೆಂಬ ಅರಿಸಿನಪುಡಿ ನೀರಲ್ಲಿ ಕಲಸಿ, ಕ್ಯಾಸೆಟ್ ಕೂರುವ ಸಂದಿಗೇ ಒಂದೊಂದು ಬೊಟ್ಟು ಇಟ್ಟರು. ಎಲ್ಲಾ ಬಿಟ್ಟು ಅಲ್ಲಿಗೇ! ದೀಪಾವಳಿಯ ಹೊತ್ತಿಗೆ ತಾಮ್ರದ ಹಲ್ಲುಗಳು ಹಸಿರುಗಟ್ಟಿ, ಮಾರಿದ ಇನ್ನೂರೂ ಅಂಗಡಿಗಳಿಂದ ವಾಪಸ್ ಬಂದವು. ಸಾಲಿನಲ್ಲಿ ಹನ್ನೆರಡು ಹೆಂಗಸರು. ಬೊಟ್ಟು ಇಟ್ಟವರಾರೆಂದು ಮಾಲೀಕರು ಕೇಳಿದಾಗ ಕೈ ಎತ್ತಿದ್ದು ಸಾಬವ್ವ.

"ಸರಿ ಮಾಡು, ಇಲ್ಲಾ ಮನೀಗ್ ನಡಿ ಅಂದ್ರು," ಎಂದು ಶೆಟ್ಟರಿಗೆ ವಿವರಿಸುತ್ತಾರೆ. "ಹನ್ನೊಂದು ದಿನ ಕುಂತೀನ್ರಿ. ಸಾಲಿ ಹುಡುಗರ ರಬ್ಬರ್ ತಗೊಂಡು ಒಂದೊಂದ ಹಲ್ಲು ತಿಕ್ಕೀನಿ, ಕಡದದ್ದು ಬೆಸದೀನಿ. ರಿಪೇರಿ ಕಲ್ತದ್ದ ಹಂಗ. ನೂರಾ ತೊಂಬತ್ನಾಕು ಎದ್ವು. ಆರು ಏಳಲಿಲ್ಲ."

ಶೆಟ್ಟರು ಟವೆಲು ಬಿಚ್ಚಿ ಸೆಟ್ಟನ್ನು ಗಲ್ಲಾದ ಮೇಜಿನ ಮೇಲಿಡುತ್ತಾರೆ. ಸಾಬವ್ವ ಅಲ್ಲೇ, ಅವರ ಕಣ್ಣೆದುರಿಗೇ, ಸ್ಕ್ರೂ ಬಿಚ್ಚುತ್ತಾರೆ. ಇಪ್ಪತ್ತು ನಿಮಿಷಕ್ಕೆ ಅಂಗಡಿಯ ಟಿವಿಯಲ್ಲಿ ಬಣ್ಣ ಮೂಡಿ ಸಂಗೀತ ಕೇಳುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಚೀಲ ಹಿಡಿದು ದತ್ತು ಒಳಬರುತ್ತಾರೆ, ಪಾಪ, ಮುಖ ಎಲ್ಲಿಡುವುದೆಂದು ತಿಳಿಯದೆ.

"ಎಂತದಾ ದತ್ತು ಇದು?" ಶೆಟ್ಟರು ಬಿಡುವುದಿಲ್ಲ. "ಇಷ್ಟು ಒಳ್ಳೆ ಕೆಲಸದವರನ್ನು ಅಡಗಿಸಿ ಇಡುದಾ? ನಾಚಿಕೆ ಆಗುದಿಲ್ವಾ?"

ದತ್ತು ತಲೆ ಕೆರೆದುಕೊಂಡು, "ಸೋಮವಾರದಿಂದ ಮೇಜು ಮುಂದ ಹಾಕೂಣು ಅಕ್ಕಾ," ಎಂದರು. ಅಂಗಡಿಯ ಬೋರ್ಡಿನಲ್ಲಿ ಸಾಬವ್ವನ ಹೆಸರನ್ನೂ ಬರೆಸುತ್ತಾರಂತೆ.

ಇವತ್ತು ಭಾನುವಾರ. ಹೆಸರಿನ ಮಾತೆತ್ತಿದರೆ ಸಾಬವ್ವ ನಗುತ್ತಾರೆ. "ಬೋರ್ಡ್ ಗೀರ್ಡ್ ಬರದ್ರ ಬರೀಲಿ, ಬಿಟ್ರ ಬಿಡ್ಲಿ. ಇಷ್ಟು ದಿನ ಸೆಟ್ ಛಲೋ ಆದ್ರ ಹೊಗಳಿಕಿ ದತ್ತು ಅವರಿಗಿ, ಕೆಟ್ರ ಬೈಗಳಾನೂ ಪಾಪ ಅವರಿಗೇ. ನಾಳಿಂದ ಛಲೋ ಆದ್ರೂ ನಂದು, ಕೆಟ್ರೂ ನಂದು. ಬೈಯೂದಿದ್ರ ನನ್ನ ಮಾರಿ ನೋಡಿ ಬೈರಿ, ಅಷ್ಟ ಸಾಕು."