ಎಲ್ಲೋ ತಪ್ಪಿದ ಒಂದು ಮಾತ್ರೆ

ನನ್ನ ಅಕ್ಕ ಇಪ್ಪತ್ತಾರು ವರ್ಷ ಔಷಧಿ ಅಂಗಡಿಯೊಂದರ ಎತ್ತರದ ಸ್ಟೂಲಿನ ಮೇಲೆ ಕೂತು ರಾಜ್ಯಭಾರ ಮಾಡಿದವಳು. ವೈದ್ಯರ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನು ಕನ್ನಡಕವಿಲ್ಲದೆ ಓದುತ್ತಿದ್ದಳು. “ಊಟಕ್ಕೆ ಮುಂಚೆ, ಮರೀಬೇಡಿ!” ಎಂದು ಗದರಿದರೆ ಪೈಲ್ವಾನರೂ ತಲೆಯಾಡಿಸುತ್ತಿದ್ದರು. ತಲೆಯಾಡಿಸಿ, ಮನೆಗೆ ಹೋಗಿ, ಮರೆಯುತ್ತಿದ್ದರು. ಐವತ್ತೆರಡನೆಯ ವಯಸ್ಸಿನಲ್ಲಿ ಅಕ್ಕ ಸಿಂಹಾಸನದಿಂದ ಇಳಿದು ಈ ಮರೆವಿನ ಮೇಲೆ ಯುದ್ಧ ಸಾರಿದಳು.

ಅಸ್ತ್ರವನ್ನು ತಯಾರಿಸಿದ್ದು ಅವಳ ಮಗಳು, ಮಲಗುವ ಕೋಣೆಯ ಮೂಲೆಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು. ಅದೊಂದು ಆ್ಯಪ್. ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳುತ್ತದೆ. ಎತ್ತಿದರೂ ಬಿಟ್ಟರೂ ನಿಮ್ಮವರೇ ಯಾರೋ ಮೊದಲೇ ಮುದ್ರಿಸಿಟ್ಟ ದನಿಯಲ್ಲಿ ಮಾತ್ರೆ ನುಂಗಲು ಹೇಳುತ್ತಾರೆ. ಹೊರಗಿನವರ ಬಂಡವಾಳ ಬೇಡವೆಂದು ಅಕ್ಕನ ಹಟ. ಅಂಗಡಿಯ ಮಾಲೀಕರು ಒಳ್ಳೆಯವರು. ಮೂರು ತಿಂಗಳು ಸ್ಟೂಲು ಖಾಲಿ ಇಟ್ಟಿರುತ್ತೇನೆ ಎಂದಿದ್ದರು. ಅಷ್ಟರಲ್ಲಿ ನಲವತ್ತು ಜನ ಸೇರದಿದ್ದರೆ ಅಂಗಡಿಗೆ ಮರಳುವುದೆಂದು ಅಕ್ಕ ಶಪಥ ಮಾಡಿದಳು.

ನಲವತ್ತು ಜನರನ್ನು ಹುಡುಕುವುದು ಎಲ್ಲಿ? ಊಟದ ಮೇಜಿನ ಮೇಲೆ ಯುದ್ಧಸಭೆ ಸೇರಿತು. ಮಗಳು ಇಂಟರ್‌ನೆಟ್ ಜಾಹೀರಾತು ಎಂದಳು, ಅಕ್ಕ ಪತ್ರಿಕೆಯೊಳಗೆ ಕರಪತ್ರ ಎಂದಳು. ತಟಸ್ಥ ರಾಷ್ಟ್ರವಾಗಿದ್ದ ನಾನು ಕಾಫಿ ಎಂದೆ.

ಮೊದಲು ಮಗಳ ದಂಡು ಹೊರಟಿತು. ಎರಡು ವಾರದಲ್ಲಿ ಏಳುನೂರು ಜನ ಹೆಬ್ಬೆರಳು ಎತ್ತಿ ತೋರಿಸಿದರು. ಸೇರಿದವನು ಒಬ್ಬನೇ. ಅವನು ನಾನು. ನನಗೆ ಯಾವ ಕಾಯಿಲೆಯೂ ಇಲ್ಲ.

“ಮಾಮ, ನೀನು ಲೆಕ್ಕಕ್ಕಿಲ್ಲ,” ಎಂದಳು ಅಕ್ಕನ ಮಗಳು, ಅಂದರೆ ನನ್ನ ಸೊಸೆ.

“ಹುಟ್ಟಿದಾಗಿಂದ ಇಲ್ಲ ಬಿಡು,” ಎಂದಳು ಅಕ್ಕ.

ಆಮೇಲೆ ಕರಪತ್ರಗಳು ಹೊರಟವು. ಮೂರನೆಯ ದಿನ ನಾನು ಕೊಂಡ ಹೊಸ ಚಪ್ಪಲಿಯ ಡಬ್ಬದಲ್ಲಿ ಅವುಗಳಲ್ಲಿ ನಾಲ್ಕು ಮುದುರಿ ಮಲಗಿದ್ದವು. ಇದನ್ನು ಅಕ್ಕನಿಗೆ ಹೇಳುವಷ್ಟು ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಉಳಿದದ್ದು ಒಂದು ತಿಂಗಳು. ಅಕ್ಕ ಒಂದು ದಪ್ಪ ಹಾಳೆಯ ಮೇಲೆ ತನ್ನ ಗುಂಡು ಅಕ್ಷರದಲ್ಲಿ ಬರೆದು ಗ್ರಂಥಾಲಯದ ಗೋಡೆಗೆ ಅಂಟಿಸಿ ಬಂದಳು: “ಮಾತ್ರೆ ತಪ್ಪುತ್ತಿದೆಯೇ? ಕರೆ ಮಾಡಿ.”

ಮರುದಿನವೇ ಕರೆ ಬಂತು. ಅಕ್ಕ ಸ್ಪೀಕರ್ ಒತ್ತಿದಳು.

“ಒಂದು ಮಾತ್ರೆ ತಪ್ತಿದೆಯಮ್ಮ. ಒಂದು ತಿಂಗಳಿಂದ ಒದ್ದಾಡ್ತಿದ್ದೀನಿ,” ಎಂದಿತು ಒಂದು ಮುದಿ ದನಿ.

“ಗಾಬರಿಯಾಗ್ಬೇಡಿ. ಒಂದು ತಪ್ಪಿದ್ರೆ ಮುಂದಿನ ಸಲ ಎರಡು ಒಟ್ಟಿಗೆ ಹಾಕ್ಬಾರ್ದು, ಅಷ್ಟೇ.”

“ಅದ್ಹೇಗಮ್ಮ? ಗುರು ಆದ್ರೆ ಎರಡು ಹಾಕ್ಲೇಬೇಕಲ್ಲ!”

“ಗುರುಗಳಾದ್ರೂ ಅಷ್ಟೇ, ಶಿಷ್ಯರಾದ್ರೂ ಅಷ್ಟೇ! ಎರಡು ಬೇಡ!”

ನಾನು ನೆಲದ ಮೇಲೆ ಉರುಳಾಡಿ ನಗುತ್ತಿದ್ದೆ. ಅವರು ನಿವೃತ್ತ ಕನ್ನಡ ಮೇಷ್ಟ್ರು. ಅವರು ಕೇಳುತ್ತಿದ್ದುದು ನುಂಗುವ ಮಾತ್ರೆಯಲ್ಲ, ಪದ್ಯದ ಮಾತ್ರೆ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಶಾಲೆಯಲ್ಲಿ ಬೆರಳು ಮಡಚಿ ಎಣಿಸಿದ್ದೆವಲ್ಲ, ಅದು.

ಅಕ್ಕ ನಗಲಿಲ್ಲ. “ಪದ್ಯದ ಹಾಳೆ ತಗೊಂಡು ಮನೆಗೇ ಬನ್ನಿ ಮೇಷ್ಟ್ರೇ,” ಎಂದಳು.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು. ಗುಂಡಿಗಳು ಒಂದೊಂದು ಕಾಜಾ ಮೇಲೆಕೆಳಗಾಗಿದ್ದವು. ಹೋದ ವರ್ಷ ಹೆಂಡತಿ ತೀರಿಕೊಂಡಿದ್ದರು. ಪದ್ಯ ಅವರ ಮೇಲೆಯೇ. ಮೇಷ್ಟ್ರು ಮೂರನೆಯ ಸಾಲು ಓದಿದರು.

“ಬಾಗಿಲಲಿ, ನೀ ನಿಂತು, ರಿ ಎಂದೆ. ಐದು, ಐದು, ನಾಲ್ಕು. ನೋಡಮ್ಮ, ಕೊನೇಲಿ ಒಂದು ಕಡಿಮೆ.”

ಅಕ್ಕನಿಗೆ ಛಂದಸ್ಸಿನ ಗಂಧಗಾಳಿ ಇಲ್ಲ. “ಬರೀ ‘ರಿ’ ಅಂತ ಯಾರು ಕರೀತಾರೆ ಮೇಷ್ಟ್ರೇ?” ಎಂದಳು.

“ಕೊನೇಲಿ ಅವಳಿಗೆ ಉಸಿರು ಸಾಲ್ತಿರ್ಲಿಲ್ಲಮ್ಮ. ಅಷ್ಟೇ ಬರ್ತಿತ್ತು.”

“ಅದು ಕೊನೇ ಮಾತಾಯ್ತು. ಅದಕ್ಕೆ ಮುಂಚೆ ಅಷ್ಟು ವರ್ಷ?”

ಮೇಷ್ಟ್ರು ಬಾಗಿಲ ಕಡೆ ನೋಡಿದರು. “ರೀ…” ಎಂದರು ಮೆಲ್ಲಗೆ. ಅವರಿಗೆ ಅರಿವಿಲ್ಲದೆಯೇ ಬೆರಳುಗಳು ಮಡಚಿಕೊಂಡವು. ಐದು, ಐದು, ಐದು.

ಅಕ್ಕ ಅವರ ಮುಂದೆ ನೀರಿನ ಲೋಟ ಇಟ್ಟಳು. ಅವರ ಜೇಬಿನಿಂದ ಇಣುಕುತ್ತಿದ್ದ ಗುಳಿಗೆಯ ಪಟ್ಟಿಯನ್ನು ಗುರುತಿಸಿ, “ರಕ್ತದೊತ್ತಡದ ಮಾತ್ರೆ ಇವತ್ತು ತಗೊಂಡ್ರಾ?” ಎಂದಳು.

ತೆಗೆದುಕೊಂಡಿರಲಿಲ್ಲ. ನೆನಪಿಸುತ್ತಿದ್ದುದೂ ಅದೇ ‘ರೀ’.

ಮೇಷ್ಟ್ರು ಅಂದೇ ಸೇರಿದರು. ಅವರಿಗಾಗಿ ದನಿ ಕೊಟ್ಟವಳು ಸೊಸೆ: “ಮೇಷ್ಟ್ರೇ, ಮಾತ್ರೆ ತಪ್ಪಿತು!” ಮರುದಿನ ಬೆಳಿಗ್ಗೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಮೇಷ್ಟ್ರ ಜೇಬಿನಿಂದ ಈ ಘೋಷಣೆ ಮೊಳಗಿತು. ಪತ್ರಿಕೆಗಳ ಹಿಂದಿನಿಂದ ಹನ್ನೆರಡು ಬಿಳಿತಲೆಗಳು ಒಟ್ಟಿಗೆ ಮೇಲೆದ್ದವು. ಹನ್ನೆರಡಕ್ಕೂ ಆ ಹೊತ್ತಿನ ಮಾತ್ರೆ ಮರೆತಿತ್ತು.

ಸುದ್ದಿ ತಿಳಿದ ಅಕ್ಕ ಯುದ್ಧದ ನಕ್ಷೆಯನ್ನು ಹರಿದು ಹಾಕಿದಳು. ದಿನಾ ಹತ್ತು ಗಂಟೆಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು, ಒಬ್ಬೊಬ್ಬರದೇ ಫೋನು ಕೈಗೆ ತೆಗೆದುಕೊಂಡು, ಯಾರ ದನಿ ಬೇಕೆಂದು ಕೇಳಿ, ಆ ಮಗಳನ್ನೋ ಮೊಮ್ಮಗನನ್ನೋ ಹುಡುಕಿ ಮಾತಾಡಿಸಿ, ಆ್ಯಪ್ ಕೂರಿಸಿ ಕೊಡುತ್ತಿದ್ದಳು. ಗೋಡೆಯ ಮೇಲೆ ‘ಮಾತ್ರೆ’ಯನ್ನು ‘ಗುಳಿಗೆ’ ಎಂದು ತಿದ್ದೋಣವೆಂದಳು ಸೊಸೆ.

“ಮುಟ್ಟಿದ್ರೆ ಕೈ ಮುರೀತೀನಿ. ಪದ್ಯ ಬರೆಯೋರೇ ಜಾಸ್ತಿ ಮರೆಯೋದು,” ಎಂದಳು ಅಕ್ಕ.

ಕೊನೆಯ ದಿನ ಮೂವತ್ತೊಂಬತ್ತಾಗಿತ್ತು. ನನ್ನನ್ನು ಸೇರಿಸಿದರೆ ನಲವತ್ತು. ಆದರೆ ನಾನು ಲೆಕ್ಕಕ್ಕಿಲ್ಲ. ಸಂಜೆ ಅಂಗಡಿಯ ಮಾಲೀಕರು ಬಂದರು.

“ಸ್ಟೂಲು ಒರೆಸಿಟ್ಟಿದ್ದೀನಮ್ಮ,” ಎಂದರು.

ಅಕ್ಕ ತಲೆ ತಗ್ಗಿಸಿದಳು. ಮಾತು ಎಂದರೆ ಮಾತು. ಆದರೆ ಇಪ್ಪತ್ತಾರು ವರ್ಷದ ಚಾಳಿ ಸುಮ್ಮನಿರುತ್ತದೆಯೇ? “ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ತಿದ್ದೀರಾ ಸಾರ್?”

ಮಾಲೀಕರು ಸೂರು ನೋಡಿದರು, ಚಪ್ಪಲಿ ನೋಡಿದರು. “ನೀವು ಹೋದ್ಮೇಲೆ ಯಾರಮ್ಮ ಗದರ್ತಾರೆ?”

ಸೊಸೆ ಅವರ ಫೋನಿಗೆ ಕೈ ಚಾಚಿದಳು. “ಯಾರ ದನಿ ಹಾಕ್ಲಿ ಅಂಕಲ್?”

ಅವರು ಅಕ್ಕನ ಕಡೆ ಕೈ ತೋರಿಸಿದರು. ಅಕ್ಕ ಗಂಟಲು ಸರಿಮಾಡಿಕೊಂಡಳು. ಮೊದಲ ಸಲ ದನಿ ಒಡೆಯಿತು, ಎರಡನೆಯ ಸಲವೂ ಒಡೆಯಿತು. ಮೂರನೆಯ ಸಲ ಬೀದಿಗೆ ಕೇಳುವಂತೆ ಬಂತು: “ಊಟಕ್ಕೆ ಮುಂಚೆ, ಮರೀಬೇಡಿ!”

ಆ ಸ್ಟೂಲು ಈಗ ನಮ್ಮ ಮನೆಯಲ್ಲೇ ಇದೆ. ಇಸ್ತ್ರಿ ಮೇಜಿಗೆ ಎತ್ತರ ಸರಿಹೋಗುತ್ತದೆ ಎನ್ನುತ್ತಾಳೆ ಸೊಸೆ.